ದುಂಬಿಯ ಮೈಯಲ್ಲಿ ನುಸಿಗೊಂದು ಕೋಣೆ

ನುಸಿ ಎಂದೊಡನೆ ಕಜ್ಜಿಯನ್ನೂ ಹಾಸಿಗೆಯ ಧೂಳಿನಿಂದ ಕೆರಳುವ ಉಬ್ಬಸವನ್ನೂ ನೆನೆದು ಮೂಗು ಮುರಿಯುವುದು ಸಹಜ. ಆ ಆರೋಪ ಸುಳ್ಳೂ ಅಲ್ಲ. ಆದರೆ ವಯಸ್ಕರ ಮುಖದ ರೋಮಕೂಪಗಳಲ್ಲಿ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡದೆ ಬಾಳುವ ನುಸಿಗಳೂ ಉಂಟೆಂಬುದನ್ನು ಅರಿತವರು ಕಡಿಮೆ. ಕುಲವನ್ನು ನೋಡಿ ಶತ್ರುವೆಂದು ತೀರ್ಮಾನಿಸುವ ಆತುರ ಎಷ್ಟು ತಪ್ಪೆಂಬುದಕ್ಕೆ ಎಕ್ಕದ ಹೂವಿನ ಸುತ್ತ ಝೇಂಕರಿಸುವ ದೊಡ್ಡ ಕಪ್ಪು ದುಂಬಿಗಳ ಬಳಗವೇ ಸಾಕ್ಷಿ.

ಒಣಮರವನ್ನೋ ಬಿದಿರನ್ನೋ ಕೊರೆದು ಗೂಡು ಮಾಡುವ ಈ ದುಂಬಿಗಳು ಜೇನಿನ ನೆಂಟರು. ಏಷ್ಯಾ, ಆಫ್ರಿಕಾ ಖಂಡಗಳ ಕೆಲವು ಜಾತಿಗಳಲ್ಲಿ ಹೆಣ್ಣಿನ ಉದರದ ಬುಡದಲ್ಲಿ ಒಂದು ಪುಟ್ಟ ಕೋಣೆಯಿದ್ದು, ಅದರೊಳಗೆ ನುಸಿಗಳು ವಾಸಿಸುತ್ತವೆ. ಕೀಟತಜ್ಞ ಪರ್ಕಿನ್ಸ್ 1899ರಲ್ಲಿಯೇ ಇದನ್ನು ವರ್ಣಿಸಿದ್ದರು. ಗಂಡಿಗೆ ಆ ಕೋಣೆಯಿಲ್ಲ; ಗೂಡು ಕಟ್ಟುವವಳು ಹೆಣ್ಣು ತಾನೆ! ಅವಳು ಪರಾಗದ ಉಂಡೆಯ ಮೇಲೆ ಮೊಟ್ಟೆಯಿಡುವ ಗೂಡಿನಲ್ಲಿ ನುಸಿಗಳು ಇಳಿದು, ಮರಿಯ ಮೈಮೇಲಿನ ಒಸರನ್ನು ಉಂಡು, ಮುಂದೆ ಹೊಸ ಹೆಣ್ಣುದುಂಬಿಯ ಕೋಣೆಯನ್ನು ಸೇರಿಕೊಳ್ಳುತ್ತವೆ. ಇದರಿಂದ ಮರಿಗೆ ಬೂಷ್ಟು ಹಿಡಿಯದೆಂಬುದು ತಜ್ಞರ ಊಹೆ. ಉಪಕಾರವಿಲ್ಲದ ಅತಿಥಿಗೆ ದೇಹವೇ ಕೋಣೆ ಕಟ್ಟಿಕೊಟ್ಟೀತೆ?

ಕಣಜವೊಂದರ ಮೈಮೇಲಿನ ನುಸಿಯ ಕಥೆ ಇನ್ನೂ ಸ್ವಾರಸ್ಯಕರ. ಮರಿಯ ಮೈರಸವನ್ನು ಹೀರುವುದರಿಂದ ಅದರ ಶಾಸ್ತ್ರೀಯ ನಾಮದಲ್ಲಿಯೇ ‘ಪರೋಪಜೀವಿ’ ಎಂಬ ಕಳಂಕ ಅಂಟಿಕೊಂಡಿತ್ತು. ಅದೇ ನುಸಿಗಳು ಮರಿಯ ಮೇಲೆರಗುವ ಶತ್ರುಕೀಟವನ್ನು ಮುತ್ತಿ ಕೊಲ್ಲಬಲ್ಲವೆಂದು ಜಪಾನಿನ ಒಕಾಬೆ, ಮಕಿನೊ ಎಂಬ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ತಿಂದ ಮನೆಗೆ ಕಾವಲು!

ಇನ್ನು ಜೇನುಪೆಟ್ಟಿಗೆಗಳನ್ನು ಹಾಳುಗೆಡವುವ ವರೋವ ನುಸಿ. ಇದು ಉಪಕಾರಿಯಲ್ಲ, ನಿಜ. ಆದರೂ ಏಷ್ಯಾದ ತುಡುವೆಜೇನು ಇದರೊಡನೆ ತಲತಲಾಂತರದಿಂದ ಬಾಳಿದೆ; ನುಸಿ ಬಹುಮಟ್ಟಿಗೆ ಗಂಡುಮರಿಗಳ ಕೋಶಗಳಲ್ಲಿ ಮಾತ್ರ ಸಂತಾನ ಬೆಳೆಸುತ್ತದೆ, ಕೆಲಸಗಾರ ನೊಣಗಳು ಅದನ್ನು ಮೈಯಿಂದ ಕಿತ್ತೊಗೆಯುತ್ತವೆ. ಹೆಚ್ಚು ಜೇನಿನ ಆಸೆಯಿಂದ ಯೂರೋಪಿನ ಜೇನುಹುಳುವನ್ನು ಮನುಷ್ಯನು ಏಷ್ಯಾಕ್ಕೆ ತಂದಾಗ ನುಸಿ ಅದಕ್ಕೂ ದಾಟಿತು. ಅಲ್ಲಿ ಕೆಲಸಗಾರ ಮರಿಗಳನ್ನೂ ಹೊಕ್ಕು, ರೆಕ್ಕೆ ಮುರುಟಿಸುವ ವೈರಸ್ಸನ್ನು ಹರಡಿತು. 1987ರಲ್ಲಿ ಅಮೆರಿಕದಲ್ಲಿ, 2022ರಲ್ಲಿ ಆಸ್ಟ್ರೇಲಿಯದಲ್ಲಿ ಅದು ಕಾಣಿಸಿಕೊಂಡಿತು. ಸಾಗಣೆ ಮಾಡಿದವನು ಮನುಷ್ಯ, ‘ವಿನಾಶಕ’ನೆಂಬ ಶಾಸ್ತ್ರೀಯ ನಾಮ ಮಾತ್ರ 2000ದಲ್ಲಿ ನುಸಿಯ ಪಾಲಿಗೆ ಬಂದಿತು.

ಪೆಟ್ಟಿಗೆಗಳಿಗೆ ಔಷಧ ಹಾಕುವುದು ಈಗ ಅನಿವಾರ್ಯವೇ ಇರಬಹುದು; ಕೆಲವು ಔಷಧಗಳಿಗೆ ನುಸಿಗಳು ಈಗಾಗಲೇ ಬಗ್ಗದಾಗಿವೆ. ಆದರೆ ಬಾಲ್ಕನಿಯ ಬಿದಿರಿನ ರಂಧ್ರಕ್ಕೆ ಕೀಟನಾಶಕ ಸುರಿಯುವವರಿಗೆ ಅಂಥ ಯಾವ ಅನಿವಾರ್ಯತೆಯಿದೆ?