ಗೃಹಯಂತ್ರ ವಿಚಾರ: ಒಂದು ಪಂಪು, ಎರಡು ಕವಲು

ಸಂಪಿನ ನೀರನ್ನು ತಾರಸಿಯ ತೊಟ್ಟಿಗೂ ಹಿತ್ತಲಿನ ತೊಟ್ಟಿಗೂ ಒಂದೇ ಪಂಪಿನಿಂದ ಒದಗಿಸಬೇಕೆಂದು ಬಯಸುವ ಗೃಹಸ್ಥರು ಬಹಳ ಮಂದಿ. ಪಂಪಿನ ಕೊಳವೆಯು ಕವಲೊಡೆದು ಒಂದು ಶಾಖೆಯು ಮೇಲಕ್ಕೂ ಇನ್ನೊಂದು ಹಿತ್ತಲಿಗೂ ಹೋಗುವುದು. ಇಂತಹ ಏರ್ಪಾಡಿಗೆ ಪಂಪನ್ನು ಕೊಳ್ಳುವಾಗ ಎರಡು ಶಾಖೆಗಳ ಎತ್ತರವನ್ನೂ ಕೂಡಿಸಿ ಅಂಗಡಿಯವನಿಗೆ ಹೇಳುವವರುಂಟು. ಅದು ಸರಿಯಲ್ಲ, ಹಾಗೆ ತಂದ ಪಂಪು ಬೆಲೆಯಲ್ಲಿಯೂ ವಿದ್ಯುತ್ತಿನಲ್ಲಿಯೂ ಭಾರವಾಗುವುದು.

ಕವಲಿನ ಸ್ಥಾನದಲ್ಲಿ ನೀರಿನ ಒತ್ತಡವು ಒಂದೇ. ಅಲ್ಲಿಂದ ಹೊರಡುವ ಶಾಖೆಗಳೆಲ್ಲಕ್ಕೂ ಆ ಒತ್ತಡವೇ ದೊರೆಯುವುದು. ಆದುದರಿಂದ ಕೂಡಿಸತಕ್ಕದ್ದು ಶಾಖೆಗಳಲ್ಲಿ ಹರಿಯುವ ನೀರನ್ನೇ ಹೊರತು ಎತ್ತರವನ್ನಲ್ಲ. ಅಂಗಡಿಯಲ್ಲಿ 'ಹೆಡ್' ಎನ್ನುವುದು ನೀರು ಏರಬೇಕಾದ ಎತ್ತರವೂ ಕೊಳವೆಯ ಘರ್ಷಣೆಯಲ್ಲಿ ಸವೆಯುವ ಒತ್ತಡವೂ ಸೇರಿದುದು. ಅದನ್ನು ಹೆಚ್ಚು ಬೇಡುವ ಶಾಖೆಯಿಂದಲೇ ಗೊತ್ತುಮಾಡಬೇಕು.

ತಾರಸಿಯ ತೊಟ್ಟಿಯು ಸಂಪಿನ ನೀರಿಗಿಂತ 12 ಮೀಟರು ಮೇಲಿದ್ದು, ನಿಮಿಷಕ್ಕೆ 40 ಲೀಟರು ಹರಿಯುವಾಗ ಘರ್ಷಣೆಗೆ 3 ಮೀಟರು ಹೋಗುವುದೆಂದಿಟ್ಟುಕೊಳ್ಳೋಣ. ಹಿತ್ತಲಿನ ತೊಟ್ಟಿಯು 4 ಮೀಟರು ಎತ್ತರದಲ್ಲಿದ್ದು, 60 ಲೀಟರಿಗೆ ಘರ್ಷಣೆಯು 2 ಮೀಟರಾಗಿರಲಿ. ಕವಲಿನವರೆಗಿನ ಕೊಳವೆಯು ಗಿಡ್ಡವಾದುದರಿಂದ ಅದನ್ನು ಬಿಟ್ಟಿದ್ದೇವೆ, ಉದ್ದವಾಗಿದ್ದರೆ ಸೇರಿಸಲೇಬೇಕು. ಈಗ ಬೇಕಾದುದು 15 ಮೀಟರು ಹೆಡ್‌ನಲ್ಲಿ 100 ಲೀಟರು ಕೊಡುವ ಪಂಪು, 21 ಮೀಟರಿನದಲ್ಲ.

ಇಷ್ಟರಿಂದಲೇ ಕಾರ್ಯಸಿದ್ಧಿಯಾಗದು. ನೀರು ಸುಲಭವಾದ ದಾರಿಯನ್ನೇ ಹಿಡಿಯುವುದು. ಘರ್ಷಣೆಯು ಸುಮಾರಾಗಿ ಹರಿವಿನ ವರ್ಗದಂತೆ ಏರುವುದರಿಂದ, ಕವಲಿನಲ್ಲಿ 12 ಮೀಟರು ಒತ್ತಡವಿದ್ದರೆ ಹಿತ್ತಲಿನ ಶಾಖೆಯೊಂದೇ 120 ಲೀಟರನ್ನು ಸೆಳೆಯುವುದು. 12 ಮೀಟರಿನಲ್ಲಿ ಪಂಪು ಅದಕ್ಕಿಂತ ಹೆಚ್ಚು ಕೊಡದಿದ್ದರೆ ತಾರಸಿಗೆ ಒಂದು ಹನಿಯೂ ಏರದು. ಮೇಲಿನ ಕೊಳವೆಯು ತೊಟ್ಟಿಯ ತಳದಲ್ಲಿ ಸೇರಿದ್ದು ನಾನ್-ರಿಟರ್ನ್ ವಾಲ್ವು ಇಲ್ಲದಿದ್ದರೆ, ತುಂಬಿದ ನೀರೇ ಹಿಂದಿರುಗಿ ಹಿತ್ತಲಿಗಿಳಿಯುವುದು! ಆಗ ಪಂಪು ಚಿಕ್ಕದೆಂದು ದೂರುವುದು ಅನ್ಯಾಯ. ಹಿತ್ತಲಿನ ಶಾಖೆಗೆ ವಾಲ್ವನ್ನಿಟ್ಟು, ಹರಿವು 60 ಲೀಟರಿಗಿಳಿಯುವವರೆಗೆ ಮುಚ್ಚಬೇಕು.

ನಾವಾದರೋ ಮನೆಗಳಿಗೆ ಒಂದಾದ ಮೇಲೊಂದನ್ನು ತುಂಬುವ ಕ್ರಮವನ್ನೇ ಮೆಚ್ಚುವೆವು. ಎರಡನ್ನೂ ಒಮ್ಮೆಗೇ ತುಂಬಲು ನೀರಿಗೆ ಸಲ್ಲಬೇಕಾದ ಶಕ್ತಿಯು ಸುಮಾರು 245 ವ್ಯಾಟು. ತಾರಸಿಯೊಂದಕ್ಕೇ ಆದರೆ 98. ಪಂಪಿನಲ್ಲಿಯೂ ಮೋಟಾರಿನಲ್ಲಿಯೂ ಆಗುವ ನಷ್ಟವು ಇದರ ಮೇಲಿನದು.

ಆದರೆ ಹಿತ್ತಲಿನ ಸರದಿಯಲ್ಲಿ ಎಚ್ಚರಿಕೆ ಬೇಕು. ಸಾಮಾನ್ಯ ಕೇಂದ್ರಾಪಗಾಮಿ ಪಂಪಿನಲ್ಲಿ ಹೆಡ್ ಕುಸಿದು ಹರಿವು ಹೆಚ್ಚಿದಷ್ಟೂ ಮೋಟಾರಿನ ಹೊರೆಯು ಏರಿ, ಸುರುಳಿಯು ಸುಟ್ಟುಹೋಗಬಹುದು. ಕೆಲವು ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪುಗಳ ಸ್ವಭಾವವು ಇದಕ್ಕೆ ವಿರುದ್ಧ; ವಾಲ್ವನ್ನು ಮುಚ್ಚಿದಷ್ಟೂ ಅವುಗಳ ಹೊರೆಯು ಹೆಚ್ಚು. ಆದಕಾರಣ ಪಂಪಿನ ಫಲಕದಲ್ಲಿ ಬರೆದಿರುವ ಹೆಡ್ಡಿನ ಮಿತಿಯನ್ನು ಓದಿಕೊಂಡು, ಆಂಪಿಯರು ಅಲ್ಲಿಯ ಅಂಕವನ್ನು ದಾಟದಂತೆ ವಾಲ್ವನ್ನು ನಿಲ್ಲಿಸಿ, ಆ ಸ್ಥಾನದಲ್ಲಿ ಬಣ್ಣದ ಗೆರೆಯೊಂದನ್ನು ಎಳೆದಿಡತಕ್ಕದ್ದು.