ಸೌರ ಘಟಕದ ದೋಷ: ಗುಂಡಿ ಒತ್ತುವುದು ದುರಸ್ತಿಯಲ್ಲ

ಕಾರ್ಖಾನೆಯ ತಗಡಿನ ಛಾವಣಿಯ ಮೇಲೆ ಸೌರ ಫಲಕಗಳನ್ನು ಅಳವಡಿಸಿಕೊಂಡ ಸಣ್ಣ ಉದ್ಯಮಿಗಳಿಗೆ ಮಳೆಗಾಲದ ಒಂದು ಅನುಭವ ಹೊಸದಲ್ಲ. ಬೆಳಿಗ್ಗೆ ಇನ್ವರ್ಟರ್ ‘ಇನ್ಸುಲೇಷನ್ ದೋಷ’ವೆಂದು ಸೂಚಿಸಿ ನಿಂತುಬಿಡುತ್ತದೆ, ಬಿಸಿಲೇರಿದ ಮೇಲೆ ತಾನಾಗಿಯೇ ಚಾಲನೆಗೊಳ್ಳುತ್ತದೆ. ದೋಷ ಹೋಯಿತೆಂದು ಮಾಲೀಕರು ನೆಮ್ಮದಿ ತಾಳುತ್ತಾರೆ. ವಾಸ್ತವದಲ್ಲಿ ದೋಷ ಹೋಗಿರುವುದಿಲ್ಲ, ಒಣಗಿರುತ್ತದೆ ಅಷ್ಟೆ.

ಇಲಿ, ಅಳಿಲು ಕಡಿದ ಕೇಬಲ್, ತಗಡಿನ ಅಂಚಿಗೆ ಉಜ್ಜಿ ಸವೆದ ಹೊದಿಕೆ, ನೀರು ಸೇರಿದ ಕನೆಕ್ಟರ್: ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು. ಇನ್ವರ್ಟರಿನ ಎಚ್ಚರಿಕೆಯ ಮಿತಿಯನ್ನು ಇಳಿಸಿ ಘಟಕವನ್ನು ಓಡಿಸುವ ಪದ್ಧತಿ ಅಪಾಯಕಾರಿಯಾದುದು. ಒಂದೆಡೆ ಅರ್ಥಿಂಗ್ ತಗುಲಿದ ಸರಣಿಯಲ್ಲಿ ಇನ್ನೊಂದೆಡೆಯೂ ಹಾಗೆಯೇ ಆದಲ್ಲಿ ಲೋಹದ ಚೌಕಟ್ಟಿನ ಮೂಲಕವೇ ವಿದ್ಯುತ್ ಹರಿಯುತ್ತದೆ. ಎ.ಸಿ. ವಿದ್ಯುತ್ತಿನಂತೆ ಡಿ.ಸಿ. ಪ್ರವಾಹವು ಮತ್ತೆ ಮತ್ತೆ ಸೊನ್ನೆಗಿಳಿಯದ ಕಾರಣ ಅದರ ಕಿಡಿ ಸುಲಭವಾಗಿ ಆರದು. ಬೆಂಕಿಯ ಭಯವಿರುವುದು ಇಲ್ಲಿಯೇ.

ದೋಷದ ಸ್ಥಾನವನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ; ಆದರೆ ಅದು ತರಬೇತಿ ಪಡೆದವರ ಕೆಲಸ. ಇನ್ವರ್ಟರ್ ಹಾಗೂ ಡಿ.ಸಿ. ಸ್ವಿಚ್ ಆಫ್ ಮಾಡಿ, ಪ್ರವಾಹ ಸೊನ್ನೆಯೆಂದು ಕ್ಲ್ಯಾಂಪ್ ಮೀಟರಿನಿಂದ ಖಚಿತಪಡಿಸಿಕೊಂಡ ನಂತರವೇ ಕನೆಕ್ಟರ್ ಬಿಡಿಸಬೇಕು. ಸೊನ್ನೆಯಾಗದಿದ್ದರೆ ಕತ್ತಲಾಗುವವರೆಗೆ ಕಾಯಬೇಕು. ಬಿಸಿಲಿರುವವರೆಗೆ ತುದಿಗಳಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ತಲಾ 50 ವೋಲ್ಟಿನ 18 ಫಲಕಗಳ ಸರಣಿಯಲ್ಲಿ ಒಟ್ಟು 900 ವೋಲ್ಟ್. ಧನ ತುದಿಗೂ ಅರ್ಥಿಂಗಿಗೂ ನಡುವೆ 300, ಋಣ ತುದಿಗೂ ಅರ್ಥಿಂಗಿಗೂ ನಡುವೆ 600 ವೋಲ್ಟ್ ಸ್ಥಿರವಾಗಿ ನಿಂತರೆ, ದೋಷವಿರುವುದು ಧನ ತುದಿಯಿಂದ 6 ಮತ್ತು 7ನೆಯ ಫಲಕಗಳ ನಡುವೆ. ಕನೆಕ್ಟರ್ ಬದಲಿಸುವಾಗ ಎರಡೂ ಭಾಗಗಳು ಒಂದೇ ತಯಾರಕರದ್ದಾಗಿರಬೇಕು; ಬೇರೆ ಬೇರೆ ತಯಾರಿಕೆಯವನ್ನು ಜೋಡಿಸಿದರೆ ಬಿಸಿಯೇರಿ ಹೊಸ ದೋಷವೇ ಹುಟ್ಟುತ್ತದೆ.

ಎಲ್ಲ ದೋಷವೂ ಫಲಕದ್ದಲ್ಲ. ನಡುಹಗಲಿನಲ್ಲಷ್ಟೇ ಇನ್ವರ್ಟರ್ ನಿಲ್ಲುತ್ತಿದ್ದರೆ ವಿದ್ಯುತ್ ಜಾಲದ ವೋಲ್ಟೇಜ್ ಏರುತ್ತಿದೆಯೇ ಎಂಬುದನ್ನು ಮೊದಲು ಪರಿಶೀಲಿಸಬೇಕು.

ಸದ್ದಿಲ್ಲದ ನಷ್ಟವೂ ಕಡಿಮೆಯೇನಲ್ಲ. ದಿನಕ್ಕೆ ಕಿಲೋವಾಟಿಗೆ ಸುಮಾರು 4 ಯೂನಿಟ್ ಉತ್ಪಾದನೆಯೆಂದು ಹಿಡಿದರೆ, 50 ಕಿಲೋವಾಟ್ ಘಟಕದ ಐದು ಸರಣಿಗಳಲ್ಲಿ ಒಂದು ಕೆಟ್ಟಾಗ ತಿಂಗಳಿಗೆ 1,200 ಯೂನಿಟ್ ಕೈತಪ್ಪುತ್ತದೆ. ಯೂನಿಟ್ಟಿಗೆ 7 ರೂಪಾಯಿಯಂತೆ ಅದು 8,400 ರೂಪಾಯಿ. ಇನ್ವರ್ಟರ್ ಓಡುತ್ತಲೇ ಇರುವುದರಿಂದ ಇದು ಯಾರ ಗಮನಕ್ಕೂ ಬಾರದು.

ಆದ್ದರಿಂದ ವಾರ್ಷಿಕ ನಿರ್ವಹಣಾ ಒಪ್ಪಂದವೆಂದರೆ ಫಲಕ ತೊಳೆಯುವುದಷ್ಟೇ ಆಗಬಾರದು. ಅಳವಡಿಸಿದ ದಿನದ ಅಳತೆಗಳನ್ನು ಮಾಲೀಕರು ಬರೆಸಿಕೊಳ್ಳಬೇಕು. ಪ್ರತಿ ಸರಣಿಯ ವೋಲ್ಟೇಜ್, ಪ್ರವಾಹ ಮತ್ತು ಮೆಗ್ಗರ್ ಅಳತೆಯನ್ನು ಮಳೆಗಾಲದ ಮುನ್ನ ಹಾಗೂ ನಂತರ ದಾಖಲಿಸುವ ಷರತ್ತು ಒಪ್ಪಂದದಲ್ಲಿರಬೇಕು. ಉಷ್ಣಚಿತ್ರ ತೆಗೆಯುವ ಕ್ಯಾಮೆರಾದಂಥ ದುಬಾರಿ ಉಪಕರಣಗಳನ್ನು ವಸಾಹತಿನ ಉದ್ಯಮಿಗಳು ಕೂಡಿ ಕೊಳ್ಳಬಹುದು. ಲೆಕ್ಕದ ಪುಸ್ತಕವಿಲ್ಲದೆ ವ್ಯಾಪಾರ ನಡೆಸದವರು ಲಕ್ಷಾಂತರ ರೂಪಾಯಿಯ ಘಟಕವನ್ನು ಲೆಕ್ಕವಿಲ್ಲದೆ ನಡೆಸುವುದು ತರವಲ್ಲ.