ಗ್ರಾನೈಟ್ ಹಾಕಿದಿರಿ, ಶೌಚಾಲಯ ಎಲ್ಲಿ?

ನಮ್ಮ ಜಿಲ್ಲಾ ಕೇಂದ್ರದ ಪೇಟೆ ಬೀದಿ ನವೀಕರಣಗೊಂಡು ಉದ್ಘಾಟನೆಯಾದ ದಿನ ಸುದ್ದಿ ಬರೆದವಳು ನಾನೇ. ‘ಪೇಟೆಗೆ ಹೊಸ ಮೆರುಗು’ ಅಂತ ಹೆಡ್ಡಿಂಗ್. ಗ್ರಾನೈಟ್ ಫುಟ್‌ಪಾತ್, ಅಲಂಕಾರಿಕ ದೀಪಗಳ ಸಾಲು, ಟೇಪ್ ಕತ್ತರಿಸುವ ಫೋಟೊ. ಮೂರು ಕಾಲಂ ಬಂತು. ಅವತ್ತು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನಾನು ಒಂದು ಗುಟುಕು ನೀರು ಕುಡಿದಿರಲಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಆ ಬೀದಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಇದು ನನ್ನ ಸುದ್ದಿಯಲ್ಲೂ ಇರಲಿಲ್ಲ.

ಕೆಲವು ತಿಂಗಳ ನಂತರ ಮೂತ್ರದ ಸೋಂಕಾಗಿ ಡಾಕ್ಟರ ಮುಂದೆ ಕೂತೆ. ‘ನೀರು ಕುಡಿಯಲ್ವಾ?’ ಅಂತ ಬೈದರು. ಅದನ್ನು ಪೇಟೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಹೇಳಿದರೆ ನಕ್ಕುಬಿಟ್ಟಳು. ‘ನಾನು ಅಂಗಡಿ ಹಾಕಿದಾಗಿಂದ್ಲೂ ಹಿಂಗೇ ಕಣವ್ವ. ರಾತ್ರಿ ಮನೇಗ್ ಹೋದ್ಮೇಲೇ ನೀರು.’

ನನ್ನ ತಕರಾರು ಇಷ್ಟೇ. ಪೇಟೆ ಬೀದಿಯ ವಿನ್ಯಾಸ ಅಂದರೆ ಅಲಂಕಾರ ಅಂದುಕೊಂಡಿದ್ದೇವೆ. ಅದು ಆರೋಗ್ಯದ ವಿಷಯ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅಲ್ಲೇ ಕಳೆಯುವ ಹಮಾಲರು, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು, ತಳ್ಳುಗಾಡಿಯವರು, ಆಟೊದವರು ಇವರ ಮೈಮೇಲೆ ಆ ವಿನ್ಯಾಸದ ಲೆಕ್ಕ ಬರೆಯಲ್ಪಡುತ್ತದೆ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿತು. ಅವರಿಗೆಲ್ಲ ಡಾಕ್ಟರು ಹೇಳುವ ಮೊದಲ ಮದ್ದು ನಡಿಗೆ. ಎಲ್ಲಿ ನಡೆಯಬೇಕು? ಫುಟ್‌ಪಾತ್‌ನಲ್ಲಿ ಅಡೆತಡೆ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ರಸ್ತೆಯಿಂದ ಎತ್ತರ 150 ಮಿಲಿಮೀಟರ್ ಮೀರಬಾರದು ಅನ್ನುತ್ತದೆ ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ. ಟೇಪು ಹಿಡಿದು ನೋಡಿದೆ. ನಮ್ಮದು ಕೆಲವು ಕಡೆ ಒಂದೂವರೆ ಅಡಿ ಎತ್ತರ. ಮಂಡಿ ನೋವಿನ ಮುದುಕರು ಹತ್ತಲಾರರು. ಹತ್ತಿದರೂ ಮುಂದೆ ಟ್ರಾನ್ಸ್‌ಫಾರ್ಮರ್, ಅದರಾಚೆ ಸಾಲಾಗಿ ಬೈಕು. ಪುನಃ ಇಳಿದು ಬಸ್ಸಿನ ಎದುರಿಗೇ ನಡೆಯಬೇಕು. ರಸ್ತೆ ಅಗಲ ಮಾಡಲು ಕಡಿದ ಹೊಂಗೆ ಮರಗಳ ಜಾಗದಲ್ಲಿ ಕುಂಡದ ಗಿಡಗಳಿವೆ. ಏಪ್ರಿಲ್ ಬಿಸಿಲಲ್ಲಿ ಅವುಗಳ ನೆರಳು ಬೆಕ್ಕಿಗೂ ಸಾಲದು.

2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ರಾಜ್ಯದ ಏಳು ನಗರಗಳಿದ್ದವು. ಯೋಜನೆ 2025ರ ಮಾರ್ಚ್‌ಗೆ ಮುಗಿಯಿತು. ‘ಸ್ಮಾರ್ಟ್ ರೋಡ್’ ಹುಚ್ಚು ಮಾತ್ರ ನಮ್ಮಂಥ ಊರುಗಳಿಗೂ ಅಂಟಿ ಉಳಿಯಿತು. ನಮ್ಮ ಹಿರಿಯರು ಇದಕ್ಕೆಲ್ಲ ಕನ್ಸಲ್ಟೆಂಟ್ ಕರೆಸಿದವರಲ್ಲ. ಅಂಗಡಿ ಮುಂದೆ ಜಗುಲಿ, ಮರದ ಬುಡಕ್ಕೆ ಕಟ್ಟೆ, ಬೇಸಿಗೆಗೆ ಅರವಟ್ಟಿಗೆ. ಕೂರಲು, ನೆರಳಿಗೆ, ಬಾಯಾರಿಕೆಗೆ ವ್ಯವಸ್ಥೆ ಆಯಿತಲ್ಲ. ಆ ಕಟ್ಟೆ ಮೇಲೆ ಎಲ್ಲ ಜಾತಿಯವರೂ ಕೂರುವಂತಿರಲಿಲ್ಲ ಅನ್ನುವುದೂ ಗೊತ್ತು. ಅದಕ್ಕೇ ಇವತ್ತಿನ ಕಟ್ಟೆಯನ್ನು ಪುರಸಭೆ ನಗರಸಭೆಗಳೇ ಕಟ್ಟಬೇಕು, ಎಲ್ಲರಿಗೂ ಅಂತ.

‘ಪಾರ್ಕಿಂಗ್ ತೆಗೆದರೆ ವ್ಯಾಪಾರ ಬಿದ್ದುಹೋಗುತ್ತೆ’ ಅನ್ನುತ್ತಾರೆ ವರ್ತಕರು. ಅವರ ಭಯ ಸುಳ್ಳಲ್ಲ. ಆದರೆ ಅವರೇ ಒಂದು ಮಾತು ಹೇಳಲಿ: ವಾರದಲ್ಲಿ ಗಲ್ಲಾ ತುಂಬುವ ದಿನ ಯಾವುದು? ಸಂತೆ ದಿನ. ಅವತ್ತು ಈ ಬೀದಿಗೆ ಕಾರು ನುಗ್ಗಲು ಆಗುತ್ತದೆಯೇ? ಹಳ್ಳಿಗಳಿಂದ ಬಸ್ಸಲ್ಲಿ ಬಂದು, ನಡೆದು, ಚೀಲ ಹೊತ್ತು ಹೋಗುವ ಜನವೇ ಅವತ್ತಿನ ಗಿರಾಕಿ. 2020ರ ನವೆಂಬರ್‌ನಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ವಾರಾಂತ್ಯ ವಾಹನ ನಿಲ್ಲಿಸಿದಾಗ ಅದನ್ನು ಹೊಸ ಪ್ರಯೋಗ ಅಂದರು. ಕೆಲವು ತಿಂಗಳಲ್ಲಿ ಪ್ರಯೋಗ ಮುಗಿದು ವಾಹನ ವಾಪಸ್ ಬಂದವು. ನಮ್ಮ ಸಂತೆ ಅದನ್ನೇ ತಲೆಮಾರುಗಳಿಂದ ಮಾಡುತ್ತಿದೆ.

ಇನ್ನು ಬೀದಿ ಬದಿ ವ್ಯಾಪಾರಿಗಳು. ಸುಂದರೀಕರಣ ಅಂದ ಕೂಡಲೇ ಮೊದಲು ಎತ್ತಂಗಡಿ ಆಗುವವರು ಇವರು. 2014ರ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಇವರನ್ನು ಎಬ್ಬಿಸುವ ಹಾಗಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನೀಲನಕ್ಷೆ ಪಾಸಾಗುವ ಮೊದಲು ಆ ಹೆಂಗಸರ ಮುಂದೆ ಹಾಸಿದ್ದರೆ ಶೌಚಾಲಯ ಎಲ್ಲಿ ಬರಬೇಕು ಅಂತ ಅವರೇ ಬೆರಳಿಟ್ಟು ತೋರಿಸುತ್ತಿದ್ದರು. ಕಟ್ಟಿ ಬೀಗ ಹಾಕುವ ಶೌಚಾಲಯವಲ್ಲ. ನೀರು, ಚಿಲಕ, ಬಲ್ಬು ಇರುವ, ದಿನಾ ತೊಳೆಯುವವರಿಗೆ ತಿಂಗಳ ಸಂಬಳ ಸರಿಯಾಗಿ ಸಿಗುವ ಶೌಚಾಲಯ.

ತಪ್ಪು ನಮ್ಮದೂ ಇದೆ. ಕಾಲಂ ಲೆಕ್ಕದಲ್ಲಿ ಕಾಸು ಎಣಿಸುವ ನಾವು ಸ್ಟ್ರಿಂಜರ್‌ಗಳು ಪ್ರೆಸ್ ನೋಟನ್ನೇ ಸುದ್ದಿ ಮಾಡಿ ಕಳಿಸುತ್ತೇವೆ. ನಾನೂ ಕಳಿಸಿದೆ. ಮುಂದಿನ ವಾರ್ಡಿನ ‘ಮಾದರಿ ರಸ್ತೆ’ಗೆ ಸದ್ಯದಲ್ಲೇ ಗುದ್ದಲಿ ಪೂಜೆ ಇದೆ. ಈ ಸಲ ವೆಚ್ಚ ಎಷ್ಟು ಕೋಟಿ ಅಂತ ಕೊನೆಯಲ್ಲಿ ಕೇಳುತ್ತೇನೆ. ಮೊದಲ ಪ್ರಶ್ನೆ: ಸೊಪ್ಪಿನ ಅಜ್ಜಿ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಲೋಟ ನೀರು ಕುಡಿದರೆ, ಆಮೇಲೆ ಎಲ್ಲಿಗೆ ಹೋಗಬೇಕು?

ನಿಮ್ಮೂರಲ್ಲೂ ಕೇಳಿ. ಉತ್ತರ ಬಂದರೆ ಅದೇ ನಿಮ್ಮ ಹೆಡ್ಡಿಂಗ್. ಬರದಿದ್ದರೂ ಅದೇ.